ಮೊದಲು ಬೆನ್ನು, ಆಮೇಲೆ ಮುಖ: ಎರಡನೇ ಮಹಾಯುದ್ಧದ ಹೋಂ ಫ್ರಂಟ್ ಪ್ಯಾಚ್‌ಗಳನ್ನು ಸಂಗ್ರಹಿಸುವ ಸಮಗ್ರ ಮಾರ್ಗದರ್ಶಿ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕ ಮತ್ತು ಬ್ರಿಟನ್‌ನಲ್ಲಿ ರಣರಂಗಕ್ಕೆ ಹೋಗದೆ ಊರಲ್ಲೇ ಉಳಿದು ದುಡಿದ ಲಕ್ಷಾಂತರ ಜನರ ತೋಳಿನ ಮೇಲೆ ಬಟ್ಟೆಯ ಗುರುತೊಂದು ಇರುತ್ತಿತ್ತು. ಕತ್ತಲಾದ ಮೇಲೆ ಯಾರ ಮನೆಯ ಕಿಟಕಿಯಿಂದ ಬೆಳಕು ಸೋರುತ್ತಿದೆ ಎಂದು ಬೀದಿ ಸುತ್ತುತ್ತಿದ್ದ ವಾರ್ಡನ್, ಬೆಂಕಿ ಆರಿಸಲು ಹೆಸರು ಕೊಟ್ಟಿದ್ದ ಗುಮಾಸ್ತ, ಹೊಲಕ್ಕಿಳಿದ ಪಟ್ಟಣದ ಹುಡುಗಿ, ಆಕಾಶ ನೋಡುತ್ತ ಕೂತ ನಿವೃತ್ತ ಮೇಷ್ಟ್ರು ಎಲ್ಲರಿಗೂ ಅವರವರದೇ ಪ್ಯಾಚ್, ತೋಳುಪಟ್ಟಿ ಅಥವಾ ಭುಜದ ಬರಹ. ಇವುಗಳ ಸಂಗ್ರಹವೇ ಹೋಂ ಫ್ರಂಟ್ ಸಂಗ್ರಹ.

ಪ್ಯಾರಾಟ್ರೂಪರ್ ಅಥವಾ ಕಮಾಂಡೊ ಪ್ಯಾಚ್‌ಗಳಿಗೆ ಹೋಲಿಸಿದರೆ ಇವು ಅಗ್ಗ, ನಕಲಿಗಳ ಕಾಟವೂ ಕಡಿಮೆ. ಹಾಗೆಂದು ಇದು ಸುಲಭದ ಕ್ಷೇತ್ರವಲ್ಲ. ಇಲ್ಲಿ ಹೊಸಬರ ದುಡ್ಡು ಕಳೆಯುವುದು ನಕಲಿ ಪ್ಯಾಚ್‌ನಿಂದಲ್ಲ, ಬೇರೆ ಕಾಲದ ಅಸಲಿ ಪ್ಯಾಚ್‌ನಿಂದ. ಯುದ್ಧ ಮುಗಿದು ಐದಾರು ವರ್ಷದೊಳಗೇ, ಶೀತಲ ಸಮರದ ಬಿಸಿಗೆ, ಅದೇ ನಾಗರಿಕ ರಕ್ಷಣಾ ದಳಗಳು ಅದೇ ಚಿಹ್ನೆ ಹೊತ್ತು ಮತ್ತೆ ಹುಟ್ಟಿಕೊಂಡವು. 1955ರ ಪ್ಯಾಚ್ ಇವತ್ತಿಗೆ ಹಳೆಯದೇ, ಅಸಲಿಯೂ ಹೌದು, ಮಾಸಿಯೂ ಇರುತ್ತದೆ. ಆದರೆ ಅದು ಯುದ್ಧಕಾಲದ್ದಲ್ಲ. ಮಾರುವವನಿಗೇ ಅದು ಗೊತ್ತಿಲ್ಲದಿರಬಹುದು. ಈ ಮಾರ್ಗದರ್ಶಿಯ ಬಹುಪಾಲು ಇದೊಂದೇ ಗೊಂದಲವನ್ನು ಬಿಡಿಸುವುದಕ್ಕೆ ಮೀಸಲು.

ಹಂತ 1: ಒಂದು ದಾರಿ ಹಿಡಿಯಿರಿ

"ಹೋಂ ಫ್ರಂಟ್ ಎಲ್ಲವೂ ಬೇಕು" ಎಂದು ಹೊರಟರೆ ಒಂದು ವರ್ಷದೊಳಗೆ ಡಬ್ಬಿ ತುಂಬುತ್ತದೆ, ಸಂಗ್ರಹ ಮಾತ್ರ ಆಗಿರುವುದಿಲ್ಲ. ಶುರುವಿಗೆ ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಅಮೆರಿಕದ ನಾಗರಿಕ ರಕ್ಷಣಾ ಕಚೇರಿಯ, ಅಂದರೆ ಒಸಿಡಿಯ ಚಿಹ್ನೆಗಳ ಸರಣಿ. ಹೊಸಬರಿಗೆ ನಮ್ಮ ಶಿಫಾರಸು ಇದೇ. ವಿನ್ಯಾಸ ಒಂದೇ: ನೀಲಿ ವೃತ್ತ, ಅದರೊಳಗೆ ಬಿಳಿ ತ್ರಿಕೋನ, ತ್ರಿಕೋನದೊಳಗೆ ಆಯಾ ಸೇವೆಯ ಕೆಂಪು ಗುರುತು. ವಾರ್ಡನ್‌ಗೆ ಓರೆ ಪಟ್ಟೆಗಳು, ಸಹಾಯಕ ಪೊಲೀಸರಿಗೆ ಗುರಾಣಿ, ಸಹಾಯಕ ಅಗ್ನಿಶಾಮಕರಿಗೆ ಮಾಲ್ಟೀಸ್ ಶಿಲುಬೆ (ತೋಳುಗಳು ತುದಿಯತ್ತ ಅಗಲವಾಗುವ ಶಿಲುಬೆ), ಸಂದೇಶವಾಹಕರಿಗೆ ಮಿಂಚು, ರಕ್ಷಣಾ ತಂಡಕ್ಕೆ ಏಣಿ, ಚಾಲಕರಿಗೆ ಚಕ್ರ, ಊಟ-ವಸತಿಯವರಿಗೆ ಹಬೆಯಾಡುವ ಕಪ್. ಒಂದೊಂದಾಗಿ ಜೋಡಿಸುತ್ತ ಹೋದರೆ ಸರಣಿಗೆ ಒಂದು ಆಕಾರ ಬರುತ್ತದೆ. ವಾರ್ಡನ್‌ನದು ಎಲ್ಲೆಲ್ಲೂ ಸಿಗುತ್ತದೆ. ಸಣ್ಣ ತಂಡಗಳವಕ್ಕೆ ಕಾಯಬೇಕು.

ವಿಮಾನ ಹಾರಿಸುವ ನಾಗರಿಕರ ಸ್ವಯಂಸೇವಾ ದಳವಾದ ಸಿವಿಲ್ ಏರ್ ಪೆಟ್ರೋಲ್ ಅದೇ ಕುಟುಂಬದ್ದು: ನೀಲಿ ವೃತ್ತ, ಬಿಳಿ ತ್ರಿಕೋನ, ಒಳಗೆ ಮೂರು ಅಲಗಿನ ಕೆಂಪು ಪ್ರೊಪೆಲ್ಲರ್. ಸಂಸ್ಥೆ ಇಂದಿಗೂ ಇದೆ, ಚಿಹ್ನೆಯೂ ಉಳಿದಿದೆ. ಹಾಗಾಗಿ ಕಾಲನಿರ್ಣಯ ಇಲ್ಲಿ ಕಷ್ಟ.

ಮಹಿಳಾ ಸೇವೆಗಳದ್ದು ಮೂರನೇ ದಾರಿ. ಅಮೆರಿಕದಲ್ಲಿ ನರ್ಸ್ ತರಬೇತಿ ಪಡೆಯುತ್ತಿದ್ದವರ ಕೆಡೆಟ್ ನರ್ಸ್ ಕೋರ್‌ನ ಕೆಂಪು ನೆಲದ ಮೇಲಿನ ಬೆಳ್ಳಿಬಣ್ಣದ ಮಾಲ್ಟೀಸ್ ಶಿಲುಬೆ, ಮದ್ದುಗುಂಡು ಕಾರ್ಖಾನೆಗಳ ಹೆಂಗಸರ ಉರಿಯುವ ಬಾಂಬಿನ ಗುರುತು, ಬ್ರಿಟನ್ನಿನ ಹೊಲಗಳಲ್ಲಿ ದುಡಿದ ವಿಮೆನ್ಸ್ ಲ್ಯಾಂಡ್ ಆರ್ಮಿಯ ಹಸಿರು ತೋಳುಪಟ್ಟಿ. ಲ್ಯಾಂಡ್ ಆರ್ಮಿ ಪಟ್ಟಿಯ ಮೇಲೆ ಪ್ರತಿ ಆರು ತಿಂಗಳ ಸೇವೆಗೆ ಒಂದು ಕೆಂಪು ಅರ್ಧವಜ್ರಾಕೃತಿ ಹೊಲಿಯುತ್ತಿದ್ದರು. ಅವುಗಳನ್ನು ಎಣಿಸಿದರೆ ಧರಿಸಿದವಳ ಸೇವಾವಧಿಯೇ ಕೈಗೆ ಸಿಗುತ್ತದೆ.

ನಾಲ್ಕನೆಯದು ಬ್ರಿಟನ್ನಿನ ಹೋಂ ಗಾರ್ಡ್, ಅಂದರೆ ಶತ್ರು ದಾಳಿಯಿಟ್ಟರೆ ನಾಡು ಕಾಯಲು ಸೇರಿದ್ದ ಸ್ವಯಂಸೇವಕ ಪಡೆ. ಖಾಕಿಯ ಮೇಲೆ ಅಚ್ಚಾದ ಭುಜದ ಬರಹ, ಅದರ ಕೆಳಗೆ ಜಿಲ್ಲೆಯ ಅಕ್ಷರಗಳು, ಅದರಡಿ ಬೆಟಾಲಿಯನ್ ಸಂಖ್ಯೆ. ಕೆಟಿ ಎಂದರೆ ಕೆಂಟ್, ಎಸ್‌ಎಕ್ಸ್ ಎಂದರೆ ಸಸೆಕ್ಸ್. ಓದಲು ಬಲು ಚಂದ. ಆದರೆ ಮರುಅಭಿನಯ ಮಾಡುವ ತಂಡಗಳಿಗೆಂದು ಇವನ್ನು ಇಂದಿಗೂ ಹೊಸದಾಗಿ ಅಚ್ಚು ಹಾಕುತ್ತಾರೆ, ಆದ್ದರಿಂದ ಮೊದಲ ವರ್ಷ ಇದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಒಂದು ಎಚ್ಚರಿಕೆ. ಅಮೆರಿಕದ ಕಾರ್ಖಾನೆಗಳಿಗೆ 1942ರಿಂದ ಕೊಡುತ್ತಿದ್ದ ಆರ್ಮಿ-ನೇವಿ 'ಇ' ಪ್ರಶಸ್ತಿಯಲ್ಲಿ ಕಾರ್ಖಾನೆಗೆ ಸಿಗುತ್ತಿದ್ದದ್ದು ಬಾವುಟ, ಕೆಲಸಗಾರರಿಗೆ ಸಿಗುತ್ತಿದ್ದದ್ದು ಕೋಟಿನ ಪಿನ್. ಆ ಹೆಸರಿನಲ್ಲಿ ಹೊಳೆಯುವ ಕಸೂತಿ ಪ್ಯಾಚ್ ಎದುರಾದರೆ ಕೊಳ್ಳುವ ಮುಂಚೆ ಹತ್ತು ಸಲ ಯೋಚಿಸಿ.

ಹಂತ 2: ತಾರೀಕುಗಳನ್ನು ಬಾಯಿಪಾಠ ಮಾಡಿ

ಪ್ಯಾಚ್‌ನ ಮೇಲೆ ಇಸವಿ ಇರುವುದಿಲ್ಲ. ಅದರ ಮೇಲಿನ ಹೆಸರಿಗೆ ಮಾತ್ರ ಹುಟ್ಟು-ಸಾವು ಇದೆ.

ಅಮೆರಿಕದ ಒಸಿಡಿಯನ್ನು ಅಧ್ಯಕ್ಷ ರೂಸ್‌ವೆಲ್ಟ್ 1941ರ ಮೇ 20ರ ಆದೇಶದಿಂದ ಸ್ಥಾಪಿಸಿದರು. ನ್ಯೂಯಾರ್ಕ್‌ನ ಮೇಯರ್ ಲಾ ಗಾರ್ಡಿಯಾ ಅದರ ಮೊದಲ ನಿರ್ದೇಶಕರು. 1945ರ ಜೂನ್‌ನಲ್ಲಿ ಅದು ಮುಚ್ಚಿತು. ಕೊರಿಯಾ ಯುದ್ಧದ ಹೊತ್ತಿಗೆ, 1950-51ರಲ್ಲಿ, ಫೆಡರಲ್ ಸಿವಿಲ್ ಡಿಫೆನ್ಸ್ ಅಡ್ಮಿನಿಸ್ಟ್ರೇಷನ್ ಹುಟ್ಟಿ ಅದೇ ನೀಲಿ ವೃತ್ತ-ಬಿಳಿ ತ್ರಿಕೋನವನ್ನು ಎತ್ತಿಕೊಂಡಿತು. ತ್ರಿಕೋನದೊಳಗೆ 'ಸಿಡಿ' ಎಂಬ ಕೆಂಪು ಅಕ್ಷರಗಳಿರುವ ಪ್ಯಾಚ್‌ಗಳಲ್ಲಿ ಬಹಳಷ್ಟು ಈ ಎರಡನೇ ಸರದಿಯವು. ಅಕ್ಷರಗಳನ್ನು ನೋಡಿ ಕಾಲ ಹೇಳಲಾಗದು, ಹೊಲಿಗೆಯನ್ನೇ ನೋಡಬೇಕು. ಪ್ಯಾಚ್‌ನ ಸುತ್ತ ಊರಿನ ಅಥವಾ ರಾಜ್ಯದ ಹೆಸರು ಬಣ್ಣಬಣ್ಣವಾಗಿ ಇದ್ದರೆ 1950ರ ನಂತರದ್ದೆಂಬ ಅನುಮಾನ ಇನ್ನಷ್ಟು ಬಲವಾಗಲಿ.

ಸಿವಿಲ್ ಏರ್ ಪೆಟ್ರೋಲ್ 1941ರ ಡಿಸೆಂಬರ್ 1ರಂದು ಶುರುವಾಯಿತು, 1943ರ ಏಪ್ರಿಲ್ 29ರವರೆಗೆ ಒಸಿಡಿಯ ಅಡಿಯಲ್ಲಿತ್ತು, ಆಮೇಲೆ ಯುದ್ಧ ಇಲಾಖೆಗೆ ಹೋಯಿತು. ಕೆಡೆಟ್ ನರ್ಸ್ ಕೋರ್ ಬಂದದ್ದು 1943ರ ಕಾಯ್ದೆಯಿಂದ. ಆಕಾಶ ಕಾಯುತ್ತಿದ್ದ ಗ್ರೌಂಡ್ ಅಬ್ಸರ್ವರ್ ಕೋರ್ ಯುದ್ಧಕಾಲದಲ್ಲೂ ಇತ್ತು, 1950ರ ದಶಕದಲ್ಲೂ ಇತ್ತು. 'ಸ್ಕೈವಾಚ್' ಎಂಬ ಪದ ಕಂಡರೆ ಅದು 1952ರಲ್ಲಿ ಶುರುವಾದ ಕಾರ್ಯಾಚರಣೆಯದು. ಆ ದಳ 1959ರ ಜನವರಿಯಲ್ಲಿ ಕೊನೆಗೊಂಡಿತು.

ಬ್ರಿಟನ್ನಿನಲ್ಲಿ ಎಆರ್‌ಪಿ, ಅಂದರೆ ವಾಯುದಾಳಿ ಮುನ್ನೆಚ್ಚರಿಕೆ ಸೇವೆ, ಯುದ್ಧಕ್ಕೆ ಮೊದಲೇ ಇತ್ತು. ಮೇಲಂಗಿಯ ಎದೆಗೆ ಕೆಂಪು ನೂಲಿನ ಎಆರ್‌ಪಿ ಅಕ್ಷರಗಳು. 1941ರಿಂದ 'ಸಿವಿಲ್ ಡಿಫೆನ್ಸ್' ಎಂಬ ಹೆಸರು ಬಂತು, ಬಣ್ಣವೂ ಹಳದಿಗೆ ತಿರುಗಿತು: ಗಾಢ ನೀಲಿಯ ಮೇಲೆ ಕಿರೀಟ ಮತ್ತು ಸಿಡಿ ಅಕ್ಷರಗಳು. 1949ರಲ್ಲಿ ಸಿವಿಲ್ ಡಿಫೆನ್ಸ್ ಕೋರ್ ಎಂಬ ಹೊಸ ಸಂಸ್ಥೆ ಹುಟ್ಟಿ 1968ರವರೆಗೆ ನಡೆಯಿತು. ಬೆಂಕಿ ಆರಿಸುವ ಸಹಾಯಕ ದಳವಾದ ಆಕ್ಸಿಲಿಯರಿ ಫೈರ್ ಸರ್ವಿಸ್ 1941ರ ಆಗಸ್ಟ್‌ನಲ್ಲಿ ನ್ಯಾಷನಲ್ ಫೈರ್ ಸರ್ವಿಸ್‌ನಲ್ಲಿ ಲೀನವಾಯಿತು. ಯುದ್ಧದ ನಂತರ ಹಳೆಯ ಹೆಸರಲ್ಲೇ ಮತ್ತೆ ಬಂತು. ನ್ಯಾಷನಲ್ ಫೈರ್ ಸರ್ವಿಸ್‌ನ ಆಯಸ್ಸು ಮಾತ್ರ 1941ರಿಂದ 1948, ಅಷ್ಟೇ. ಹಾಗಾಗಿ ಅದರ ಬ್ಯಾಡ್ಜ್‌ನ ಕಾಲ ಹೇಳುವುದು ಆಕ್ಸಿಲಿಯರಿಯದಕ್ಕಿಂತ ಸುಲಭ. ಹೋಂ ಗಾರ್ಡ್ 1940ರ ಮೇ 14ರಂದು ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್ (ಎಲ್‌ಡಿವಿ) ಎಂಬ ಹೆಸರಿನಲ್ಲಿ ಹುಟ್ಟಿ ಜುಲೈನಲ್ಲಿ ಹೆಸರು ಬದಲಿಸಿಕೊಂಡಿತು. ಎಲ್‌ಡಿವಿ ತೋಳುಪಟ್ಟಿ ಬಳಕೆಯಲ್ಲಿದ್ದದ್ದು ಕೆಲವೇ ತಿಂಗಳು. ಅದಕ್ಕೇ ಅದರ ಬೆಲೆ ಏರಿದೆ, ನಕಲಿಯೂ ಹೆಚ್ಚಿದೆ. ವಿಮೆನ್ಸ್ ವಾಲಂಟರಿ ಸರ್ವಿಸ್ 1938ರದು. 1966ರಲ್ಲಿ ಹೆಸರಿಗೆ 'ರಾಯಲ್' ಸೇರಿತು. ಆ ಪದ ಕಂಡರೆ ವಾಪಸಿಡಿ. ಲ್ಯಾಂಡ್ ಆರ್ಮಿ 1939ರ ಜೂನ್‌ನಿಂದ 1950ರವರೆಗೆ ಇತ್ತು, ಅಂದರೆ ಅದರ ಅಸಲಿ ಪಟ್ಟಿಗಳಲ್ಲಿ ಕೆಲವು ಶಾಂತಿಕಾಲದವು.

ಬ್ರಿಟಿಷ್ ಪ್ಯಾಚ್‌ಗಳಿಗೆ ಇನ್ನೊಂದು ಕೀಲಿ ಕಿರೀಟ. ಆರನೇ ಜಾರ್ಜ್ ಕಾಲದ ಟ್ಯೂಡರ್ ಕಿರೀಟದ ಕಮಾನು ಗುಮ್ಮಟದಂತೆ ಮೇಲಕ್ಕೆ ಉಬ್ಬಿರುತ್ತದೆ. ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಬಂದ ಸೇಂಟ್ ಎಡ್ವರ್ಡ್ ಕಿರೀಟದ ಕಮಾನು ನಡುವೆ ತಗ್ಗಿರುತ್ತದೆ. ತಗ್ಗು ಕಂಡರೆ ಯುದ್ಧಕಾಲದ್ದಲ್ಲ, ಇದು ಖಚಿತ. ಉಬ್ಬು ಕಂಡರೆ ಯುದ್ಧಕಾಲದ್ದೇ ಎಂದು ಮಾತ್ರ ಖಚಿತವಲ್ಲ: 1949-52ರ ನಡುವಿನದಿರಬಹುದು, ಇಲ್ಲವೇ ತೀರಾ ಹೊಸದಿರಬಹುದು. ಮೂರನೇ ಚಾರ್ಲ್ಸ್ 2022ರಲ್ಲಿ ಮತ್ತೆ ಟ್ಯೂಡರ್ ಮಾದರಿಯನ್ನೇ ಆರಿಸಿಕೊಂಡಿದ್ದಾರೆ.

ಹಂತ 3: ಮೇಜಿನ ಮೇಲೆ ಏನಿರಬೇಕು

10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಮಿಲಿಮೀಟರ್ ಅಳತೆಪಟ್ಟಿ, ಚೂಪು ತುದಿಯ ಚಿಮಟ, ಬಿಳಿ ಹತ್ತಿ ಬಟ್ಟೆ, ನೇರಳಾತೀತ ಟಾರ್ಚ್. ಟಾರ್ಚ್ ಕೊಳ್ಳುವಾಗ 365 ನ್ಯಾನೊಮೀಟರ್ ಎಂದು ನಮೂದಿಸಿರುವುದನ್ನೇ ಕೇಳಿ. ನೋಟು ಪರೀಕ್ಷೆಗೆಂದು ಮಾರುವ ಅಗ್ಗದ 395ರ ಟಾರ್ಚ್‌ನಲ್ಲಿ ನೇರಳೆ ಬೆಳಕೇ ಜಾಸ್ತಿ. ಬಿಳಿ ನೂಲೆಲ್ಲ ಅದರಡಿ ನೇರಳೆಯಾಗಿ ಕಂಡು ಕಣ್ಣಿಗೆ ಮೋಸವಾಗುತ್ತದೆ. ಕೈ ತೊಳೆದು ಒರೆಸಿಕೊಂಡರೆ ಸಾಕು, ಕೈಗವಸು ಬೇಡ. ಹತ್ತಿಯ ಗವಸಿನ ಎಳೆ ಜರಿಗೆ ಸಿಕ್ಕಿಕೊಂಡರೆ ಜರಿಯೇ ಎದ್ದು ಬರುತ್ತದೆ.

ಹಂತ 4: ಪರೀಕ್ಷೆ

ಪ್ಯಾಚ್ ಕೈಗೆ ಬಂದ ತಕ್ಷಣ ಮಗುಚಿ. ಮುಖವನ್ನು ಚೆನ್ನಾಗಿ ಮಾಡುವುದು ಎಲ್ಲ ಕಾಲದ ಕಸುಬುದಾರರ ಗುರಿ. ಬೆನ್ನಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ, ಅದಕ್ಕೇ ಬೆನ್ನು ಸುಳ್ಳು ಹೇಳುವುದು ಕಡಿಮೆ.

ಮೊದಲು ಅಂಚು. ಯುದ್ಧಕಾಲದ ಅಮೆರಿಕನ್ ಕಸೂತಿ ಪ್ಯಾಚ್‌ಗಳನ್ನು ಶಿಫ್ಲಿ ಎಂಬ ದೊಡ್ಡ ಯಂತ್ರಗಳಲ್ಲಿ ಅಗಲವಾದ ಬಟ್ಟೆಯ ಮೇಲೆ ಸಾಲುಸಾಲಾಗಿ ಹೊಲಿದು, ಆಮೇಲೆ ಒಂದೊಂದನ್ನೇ ಕತ್ತರಿಸುತ್ತಿದ್ದರು. ಹಾಗಾಗಿ ಅಂಚು ಚಪ್ಪಟೆ, ಕತ್ತರಿಸಿದ ಕಡೆ ಬಟ್ಟೆಯ ಎಳೆ ಅಲ್ಲಲ್ಲಿ ಇಣುಕುತ್ತಿರುತ್ತದೆ. ಸುತ್ತಲೂ ಹಗ್ಗದಂತೆ ಉಬ್ಬಿ, ಅಂಚನ್ನು ಸುತ್ತಿಕೊಂಡ ಹೊಲಿಗೆ ಇದ್ದರೆ ಅದು ಮೆರೋ ಅಂಚು. ಅಮೆರಿಕದ ಸೇನಾ ಪ್ಯಾಚ್‌ಗಳಲ್ಲಿ ಅದು ವ್ಯಾಪಕವಾದದ್ದು 1960ರ ದಶಕದ ನಡುವಿನಿಂದ. ಹಿಂದೆ ಒಂದು ಕಡೆ ಆ ಹೊಲಿಗೆಯ ಬಾಲ ಮಡಚಿ ಅಂಟಿಸಿರುವುದೂ ಕಾಣುತ್ತದೆ. ಮೆರೋ ಅಂಚಿನ ಒಸಿಡಿ ಪ್ಯಾಚ್ ಬಂದರೆ ಮುಂದಿನ ಪರೀಕ್ಷೆ ಬೇಕಿಲ್ಲ. ಚಪ್ಪಟೆ ಅಂಚು ಇದ್ದಮಾತ್ರಕ್ಕೆ ಗೆದ್ದಂತಲ್ಲ: ಈಗಿನ ನಕಲಿಗಳಲ್ಲೂ ಚಪ್ಪಟೆ ಅಂಚು ಇರುತ್ತದೆ. ಅಂಚನ್ನು ಬೆರಳಿಂದ ಸವರಿ ನೋಡಿ. ಬಿಸಿಯಿಂದ ಕತ್ತರಿಸಿದ ಪಾಲಿಯೆಸ್ಟರ್ ಕರಗಿ ಗಟ್ಟಿಯಾಗಿರುತ್ತದೆ, ಉಗುರಿಗೆ ಚುಚ್ಚುತ್ತದೆ.

ಆಮೇಲೆ ಹಿಂಬದಿಯ ನೂಲು. ಹಳೆಯವುಗಳಲ್ಲಿ ಬಾಬಿನ್ ನೂಲು ಸಾಮಾನ್ಯವಾಗಿ ಬಿಳಿ ಹತ್ತಿ. ಒಂದು ಅಕ್ಷರದಿಂದ ಇನ್ನೊಂದಕ್ಕೆ ನೂಲು ಜಿಗಿದ ಗುರುತು, ಅಸ್ತವ್ಯಸ್ತ ಗಂಟು, ಕೆಲವೊಮ್ಮೆ ತೆಳು ಜಾಲರಿಬಟ್ಟೆ ಇರುತ್ತವೆ. ಕಂಪ್ಯೂಟರ್ ಯಂತ್ರದ ಹೊಲಿಗೆ ದಟ್ಟ, ಸಮ, ಹಿಂದೆ ಕಾಗದದಂಥ ಸಿಂಥೆಟಿಕ್ ಹಾಳೆ. ಪ್ಲಾಸ್ಟಿಕ್ ಲೇಪನ ಅಥವಾ ಇಸ್ತ್ರಿಯಿಂದ ಅಂಟಿಸುವ ಪದರ ಇದ್ದರೆ ಅಲ್ಲಿಗೇ ಬಿಡಿ. ವೆಲ್ಕ್ರೊ ಇದ್ದರೂ ಅಷ್ಟೇ, ಅದು 1950ರ ದಶಕದ ಆವಿಷ್ಕಾರ.

ಒಸಿಡಿಯ ತೋಳುಪಟ್ಟಿಗಳು ಮತ್ತು ಹೋಂ ಗಾರ್ಡ್ ಬರಹಗಳು ಬಹುಪಾಲು ಕಸೂತಿಯಲ್ಲ, ಬಟ್ಟೆಯ ಮೇಲಿನ ಅಚ್ಚು. ಇವಕ್ಕೆ ಅಂಚಿನ ನಿಯಮ ನಡೆಯದು. ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿ: ಹಳೆಯ ಬಣ್ಣ ನೂಲಿನೊಳಗೆ ಇಳಿದು, ಮಡಿಕೆಯಲ್ಲಿ ಸವೆದು, ಅಲ್ಲಲ್ಲಿ ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಡಿಜಿಟಲ್ ಮುದ್ರಣ.

ಈಗ ಕೋಣೆ ಕತ್ತಲು ಮಾಡಿ ನೇರಳಾತೀತ ಟಾರ್ಚ್ ಹಾಯಿಸಿ. ಬಟ್ಟೆ, ನೂಲು, ಡಿಟರ್ಜೆಂಟ್‌ಗಳಿಗೆ ಬಿಳುಪು ಹೆಚ್ಚಿಸುವ ಹೊಳಪುಕಾರಕ ರಾಸಾಯನಿಕಗಳು ವ್ಯಾಪಕವಾಗಿ ಸೇರಿದ್ದು ಯುದ್ಧದ ನಂತರ. ಆದ್ದರಿಂದ ಯುದ್ಧಕಾಲದ ಬಿಳಿ ಹತ್ತಿ ಮಂಕಾಗಿ, ಕೆನೆಬಣ್ಣಕ್ಕೆ ಕಾಣಬೇಕು. ನೀಲಿ-ಬಿಳಿಯಾಗಿ ಧಗ್ಗನೆ ಹೊಳೆದರೆ ಅನುಮಾನಿಸಿ. ಈ ಪರೀಕ್ಷೆಯನ್ನು ಜನ ಅಳತೆ ಮೀರಿ ನಂಬುತ್ತಾರೆ. ಅದರ ಎರಡು ಮಿತಿಗಳನ್ನು ಮರೆಯಬೇಡಿ. 1970ರಲ್ಲಿ ಯಾರೋ ಅಸಲಿ ಪ್ಯಾಚ್ ಇದ್ದ ಅಂಗಿಯನ್ನು ಡಿಟರ್ಜೆಂಟ್‌ನಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹಾಗೆ ಒಗೆದದ್ದಾದರೆ ಹೊಳಪು ಇಡೀ ಪ್ಯಾಚ್‌ಗೆ ಹರಡಿರುತ್ತದೆ. ನೂಲಿನದೇ ಹೊಳಪಾದರೆ ಕೆಲವು ಎಳೆಗಳು ಮಾತ್ರ ಮಿಂಚುತ್ತವೆ. ಎರಡನೆಯದು, ಹೊಳೆಯದ ಸಿಂಥೆಟಿಕ್ ನೂಲುಗಳೂ ಇವೆ. ಹೊಳೆಯಲಿಲ್ಲ ಎಂಬುದು ಪಾಸ್ ಮಾರ್ಕಲ್ಲ.

ನೂಲು ಯಾವುದೆಂದು ತೀರ್ಮಾನವಾಗದಿದ್ದರೆ ಸುಡುವ ಪರೀಕ್ಷೆ. ಪ್ಯಾಚ್ ನಿಮ್ಮದೇ ಆಗಿದ್ದರೆ ಮಾತ್ರ. ಹಿಂಬದಿಯಲ್ಲಿ ಸಡಿಲವಾಗಿ ನೇತಾಡುವ ತುದಿಯಿಂದ 5 ಮಿಲಿಮೀಟರ್ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ಮುಟ್ಟಿಸಿ. ಹತ್ತಿ ಬೇಗ ಉರಿದು ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಯಾನ್ ಕೂಡ ಹಾಗೆಯೇ ಉರಿಯುತ್ತದೆ. ಯುದ್ಧಕಾಲದ ಪ್ಯಾಚ್‌ಗಳಲ್ಲಿ ಹೊಳೆಯುವ ರೇಯಾನ್ ಇರುವುದು ಸಹಜ, ಹೊಳಪು ಕಂಡ ಕೂಡಲೇ ಪಾಲಿಯೆಸ್ಟರ್ ಎನ್ನಬೇಡಿ. ಉಣ್ಣೆ, ರೇಷ್ಮೆಗಳದು ಕೂದಲು ಸುಟ್ಟ ವಾಸನೆ, ಒತ್ತಿದರೆ ಪುಡಿಯಾಗುವ ಕಪ್ಪು ಉಂಡೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ನೂಲು ಮಾರುಕಟ್ಟೆಗೆ ಬಂದದ್ದೇ ಯುದ್ಧದ ನಂತರ, ಹಾಗಾಗಿ ಗಟ್ಟಿ ಮಣಿ ಸಿಕ್ಕರೆ ಬಲವಾಗಿ ಅನುಮಾನಿಸಿ.

ಕೊನೆಗೆ ಹಳತನದ ಗುರುತುಗಳು. ನಿಜವಾಗಿ ತೊಟ್ಟ ಪ್ಯಾಚ್‌ನಲ್ಲಿ ಮುಖ ಮಾಸಿ, ಬೆನ್ನು ಹೊಸದರಂತೆ ಇರುತ್ತದೆ. ಅಂಚಿನುದ್ದಕ್ಕೂ ಸೂಜಿಯ ತೂತು, ಅಂಗಿಗೆ ಹೊಲಿದ ನೂಲಿನ ತುಣುಕು. ಚಹಾದಲ್ಲಿ ಅದ್ದಿ ಹಳೆಯದು ಮಾಡಿದ್ದರಲ್ಲಿ ಮುಖ-ಬೆನ್ನು ಎರಡೂ ಒಂದೇ ಕಂದು, ಹೊಲಿಗೆಯ ಸಂದಿಯೊಳಗೂ ಅದೇ ಕಂದು. ಬಿಸಿ ಉಸಿರು ಬಿಟ್ಟು ಮೂಸಿದರೆ ಕೆಲವೊಮ್ಮೆ ಗೊತ್ತಾಗಿಬಿಡುತ್ತದೆ. ಹಾಗೆಂದು ಹೊಸದರಂತಿರುವುದೆಲ್ಲ ನಕಲಿಯಲ್ಲ. ದಾಸ್ತಾನಿನಲ್ಲೇ ಉಳಿದು ಯಾರೂ ತೊಡದ ಅಸಲಿಗಳು ಧಾರಾಳವಾಗಿವೆ.

ಹಂತ 5: ಕೊಳ್ಳುವುದು

ಕೂತಲ್ಲಿಂದ ಕೊಳ್ಳುವವರಿಗೆ ಇಬೇ ಮತ್ತು ಬ್ರಿಟನ್-ಅಮೆರಿಕದ ಮಿಲಿಟೇರಿಯಾ, ಅಂದರೆ ಹಳೆ ಸೇನಾ ವಸ್ತುಗಳ, ವ್ಯಾಪಾರಿಗಳ ಜಾಲತಾಣಗಳೇ ದಾರಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆಯುವ ಶೋ ಆಫ್ ಶೋಸ್‌ನಂಥ ಮೇಳಗಳಲ್ಲಿ ಪ್ಯಾಚ್ ಮುಟ್ಟಿ, ಮಗುಚಿ ನೋಡುವ ಅವಕಾಶವಿದೆ. ಅಲ್ಲಿ ಒಂದು ದಿನದಲ್ಲಿ ಕಲಿಯುವುದನ್ನು ಫೋಟೊಗಳಿಂದ ಒಂದು ವರ್ಷದಲ್ಲೂ ಕಲಿಯಲಾಗದು. 1937ರಲ್ಲಿ ಶುರುವಾದ ಅಮೆರಿಕನ್ ಸೊಸೈಟಿ ಆಫ್ ಮಿಲಿಟರಿ ಇನ್‌ಸಿಗ್ನಿಯಾ ಕಲೆಕ್ಟರ್ಸ್ ಸಂಘದ ಸದಸ್ಯತ್ವಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ಮಾರುವವರನ್ನು ಕೇಳಬೇಕಾದ್ದು ಇಷ್ಟು: ಹಗಲಿನ ಬೆಳಕಲ್ಲಿ ಮುಖ ಮತ್ತು ಬೆನ್ನಿನ ಚಿತ್ರ, ಅಂಚಿನ ಸಮೀಪದ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ, ಎಲ್ಲಿಂದ ಬಂತೆಂಬ ವಿವರ, ವಾಪಸಾತಿಯ ಷರತ್ತು. ಬೆನ್ನಿನ ಚಿತ್ರ ಕಳಿಸಲು ಹಿಂಜರಿದರೆ ವ್ಯವಹಾರ ಅಲ್ಲಿಗೇ ಮುಗಿಸಿ. "ಅಜ್ಜನ ಪೆಟ್ಟಿಗೆಯಲ್ಲಿತ್ತು" ಎಂಬ ಕತೆಗೆ ಬೆಲೆ ಕೊಡಬೇಡಿ. ಅಜ್ಜನ ಹೆಸರಿರುವ ಗುರುತಿನ ಚೀಟಿ ಜೊತೆಗಿದ್ದರೆ ಮಾತ್ರ ಹೆಚ್ಚು ಕೊಡಿ. ವಾರ್ಡನ್‌ನ ತೋಳುಪಟ್ಟಿ, ನೇಮಕಾತಿ ಪತ್ರ, ತರಬೇತಿಯ ಪ್ರಮಾಣಪತ್ರ ಒಟ್ಟಿಗೆ ಸಿಕ್ಕರೆ ಅವನ್ನು ಎಂದಿಗೂ ಬೇರೆ ಮಾಡಬೇಡಿ. ಅಂಗಿಗೆ ಹೊಲಿದಿರುವ ಪ್ಯಾಚ್ ಕೀಳುವುದಂತೂ ಪಾಪವೇ ಸರಿ. ಹೊಲಿಗೆ ಬಿಚ್ಚಿದ ಮರುಕ್ಷಣ ಅದರ ಅರ್ಧ ಸಾಕ್ಷ್ಯ ಹೋಯಿತು.

ಮೊದಲ ಆರು ತಿಂಗಳು ಅಗ್ಗದ, ಎಲ್ಲೆಡೆ ಸಿಗುವ ಅಸಲಿಗಳನ್ನೇ ಕೊಳ್ಳಿ. ಜೊತೆಗೆ ಉದ್ದೇಶಪೂರ್ವಕವಾಗಿ ಒಂದು 1950ರ ದಶಕದ ಸಿಡಿ ಪ್ಯಾಚ್, ಒಂದು ಹೊಸ ನಕಲಿ ತರಿಸಿ. ಮೂರನ್ನೂ ಪಕ್ಕಪಕ್ಕ ಇಟ್ಟು ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ. ಕಣ್ಣು ಪಳಗುವುದು ಹಾಗೆಯೇ.

ಭಾರತಕ್ಕೆ ತರಿಸುವಾಗ ಹೊರಗಿನ ಚೀಟಿಯಲ್ಲಿ ಹಳೆಯ ಕಸೂತಿ ಬಟ್ಟೆಯ ಬ್ಯಾಡ್ಜ್ ಎಂದೂ ನಿಜವಾದ ಬೆಲೆಯನ್ನೂ ಬರೆಯಲು ಹೇಳಿ. ಸುಂಕ ಬಿದ್ದರೆ ಕಟ್ಟಬೇಕಾಗುತ್ತದೆ, ಅದನ್ನು ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಕಡಿಮೆ ಬೆಲೆ ಬರೆಸಿದ ಪೊಟ್ಟಣ ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ.

ನಮ್ಮ ಕಡೆಯ ನಂಟು

1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು. ಡಿಸೆಂಬರ್‌ನಲ್ಲಿ ಕಲ್ಕತ್ತದ ಸರದಿ. ಭಾರತದ ನಗರಗಳಲ್ಲೂ ಎಆರ್‌ಪಿ ದಳಗಳಿದ್ದವು, ಅವರ ಬ್ಯಾಡ್ಜ್‌ಗಳು ಹಳೆ ನಾಣ್ಯ-ಅಂಚೆಚೀಟಿ ವ್ಯಾಪಾರಿಗಳ ಬಳಿ ಆಗೀಗ ತಲೆಹಾಕುತ್ತವೆ. ಲೋಹದವು ಉಳಿಯುತ್ತವೆ; ಬಟ್ಟೆಯವನ್ನು ನಮ್ಮ ಮಳೆ, ಗೆದ್ದಲು, ಜಿರಳೆ ಬಿಟ್ಟಿಲ್ಲ. ಕೈಗೆ ಸಿಕ್ಕರೆ ಚೌಕಾಸಿ ಮಾಡುತ್ತ ಕೂರಬೇಡಿ.

ಬೆಂಗಳೂರಿನ ನಂಟು ಇನ್ನೊಂದು ಬಗೆಯದು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಭಾರತದಲ್ಲಿದ್ದ ಅಮೆರಿಕನ್ ಸೈನಿಕರು ತಮ್ಮ ಚೀನಾ-ಬರ್ಮಾ-ಇಂಡಿಯಾ ಪ್ಯಾಚ್ ಅನ್ನು, ಅಂದರೆ ಕೆಂಪು-ಬಿಳಿ ಪಟ್ಟೆಗಳ ಮೇಲಿನ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ ಇರುವ ಗುರಾಣಿಯನ್ನು, ಇಲ್ಲಿನ ಕುಶಲಕರ್ಮಿಗಳಿಂದ ಜರಿಯಲ್ಲಿ ಕೈಕಸೂತಿ ಮಾಡಿಸಿಕೊಳ್ಳುತ್ತಿದ್ದರು. ಇದು ಸೇನಾ ಪ್ಯಾಚ್, ಹೋಂ ಫ್ರಂಟ್‌ನದಲ್ಲ. ಆದರೂ ಕನ್ನಡ ನಾಡಿನಿಂದ ಈ ಹವ್ಯಾಸಕ್ಕೆ ಬರುವವರಿಗೆ ಇದೂ ಒಂದು ಬಾಗಿಲು. ಕೊಳ್ಳುವಾಗ ಜರಿ ನೋಡಿ. ಹಳೆಯ ಲೋಹದ ಜರಿ ಕಪ್ಪಿಟ್ಟು ಅಥವಾ ಹಸಿರು ಹಿಡಿದಿರುತ್ತದೆ. ಪ್ಲಾಸ್ಟಿಕ್ ಪೊರೆಯ ಜರಿ ಕಪ್ಪಿಡುವುದಿಲ್ಲ, ಭೂತಗನ್ನಡಿಯಡಿ ಚಪ್ಪಟೆ ಪಟ್ಟಿಯಾಗಿ ಕಾಣುತ್ತದೆ. ಲೋಹದ ಜರಿಯ ಬ್ಯಾಡ್ಜ್‌ಗಳನ್ನು ಸಿಯಾಲ್‌ಕೋಟ್‌ನಲ್ಲಿ ಇಂದಿಗೂ ಮಾಡುತ್ತಾರೆ, ಆದ್ದರಿಂದ ಲೋಹ ಕಂಡ ಮಾತ್ರಕ್ಕೆ ಹಳೆಯದೆನ್ನಬೇಡಿ. ಅಡಿಯ ಉಣ್ಣೆಬಟ್ಟೆ ಮತ್ತು ಹಿಂದಿನ ಅಸ್ತರಿಯನ್ನೂ ನೋಡಿ.

ಕಾನೂನಿನ ಮಾತು ಒಂದು ಸಾಲಿನಲ್ಲಿ: ಭಾರತದ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಇಂಥ ವಸ್ತು ಪುರಾವಸ್ತು ಎನಿಸಿಕೊಳ್ಳಲು 100 ವರ್ಷ ಆಗಿರಬೇಕು, ಎರಡನೇ ಮಹಾಯುದ್ಧದವು ಇನ್ನೂ ಆ ಗಡಿ ಮುಟ್ಟಿಲ್ಲ.

ಹಂತ 6: ಸ್ವಚ್ಛಗೊಳಿಸಬೇಕೆ?

ಬೇಡ. ಯುದ್ಧಕಾಲದ ಕೆಂಪು ಬಣ್ಣ ನೀರು ಸೋಕಿದರೆ ಹರಿಯುತ್ತದೆ, ಒಸಿಡಿ ಪ್ಯಾಚ್‌ನ ಬಿಳಿ ತ್ರಿಕೋನ ಗುಲಾಬಿಯಾಗುತ್ತದೆ, ಅದನ್ನು ಮತ್ತೆ ಬಿಳಿ ಮಾಡುವ ವಿದ್ಯೆ ಮನೆಯಲ್ಲಿ ಇಲ್ಲ. ಫೆಲ್ಟ್ ಕುಗ್ಗುತ್ತದೆ. ಜರಿಗೆ ಬೆಳ್ಳಿ ತಿಕ್ಕುವ ಪುಡಿ ಹಾಕಿದರೆ ಲೇಪನವೇ ಎದ್ದು ಹೋಗುತ್ತದೆ. ಧೂಳು ಇದ್ದರೆ ಪ್ಯಾಚ್ ಮೇಲೆ ನೈಲಾನ್ ಬಲೆ ಹಾಸಿ, ವ್ಯಾಕ್ಯೂಮ್ ಅನ್ನು ಅತಿ ಕಡಿಮೆ ಶಕ್ತಿಗೆ ಇಟ್ಟು, ಮೆತ್ತನೆ ಬ್ರಷ್‌ನಿಂದ ಧೂಳನ್ನು ಅದರ ಬಾಯಿಯತ್ತ ತಳ್ಳಿ.

ಹಳೆಯ ಆಲ್ಬಮ್‌ನಿಂದ ಬಂದ ಪ್ಯಾಚ್‌ನ ಬೆನ್ನಿಗೆ ಕಾಗದ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಇರಲಿ. ಕಾಗದ ಇದ್ದರೂ ಪ್ಯಾಚ್ ಪ್ಯಾಚೇ. ಹರಿದರೆ ಬೆನ್ನು ಹೋದಂತೆ.

ಹಂತ 7: ನಮ್ಮ ಹವೆಯಲ್ಲಿ ಕಾಪಾಡುವುದು

ಹತ್ತಿ, ಉಣ್ಣೆಗಳಿಗೆ ಹಿತವಾದ ತೇವಾಂಶ 45ರಿಂದ 55 ಶೇಕಡ. ಮಂಗಳೂರು, ಕಾರವಾರ, ಮಡಿಕೇರಿಗಳಲ್ಲಿ ಆಷಾಢ-ಶ್ರಾವಣದ ಗಾಳಿ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ಡಿಜಿಟಲ್ ತೇವಮಾಪಕ ಬೇಕು. 10 ಲೀಟರ್ ಡಬ್ಬಿಗೆ 150-200 ಗ್ರಾಂ ಜೆಲ್ ಸಾಕು. ಜೆಲ್ ಅನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಪ್ಯಾಚ್‌ಗೆ ತಾಗದಂತೆ ಮೂಲೆಯಲ್ಲಿಡಿ. ಮಾಪಕ 35ಕ್ಕಿಂತ ಕೆಳಗಿಳಿದರೆ ಸ್ವಲ್ಪ ಜೆಲ್ ತೆಗೆಯಿರಿ, ಅತಿಯಾಗಿ ಒಣಗಿದ ಹಳೇ ನೂಲು ಮಡಚಿದರೆ ಮುರಿಯುತ್ತದೆ. 60 ದಾಟಿದರೆ ಜೆಲ್ ಬದಲಿಸಿ. ಬಣ್ಣ ಬದಲಾದ ಕಿತ್ತಳೆ ಜೆಲ್ ಅನ್ನು ಒವನ್‌ನಲ್ಲಿ 110-120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಕಲಬುರಗಿ, ಬಳ್ಳಾರಿ ಕಡೆಯವರಿಗೆ ಬೇಸಿಗೆಯಲ್ಲಿ ಜೆಲ್‌ನ ಅಗತ್ಯವೇ ಬೀಳದು, ಅವರ ಶತ್ರು ಧೂಳು ಮತ್ತು ಬಿಸಿಲು.

ಪ್ಯಾಚ್ ಇಡುವ ಪಾರದರ್ಶಕ ಹಾಳೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಪಿವಿಸಿ ಬೇಡವೇ ಬೇಡ: ಸೆಕೆಗೆ ಬೆವರಿ ಅಂಟಂಟಾಗುತ್ತದೆ, ಅಚ್ಚಿನ ಬಣ್ಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೂಸಿದರೆ ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ. ಜರಿಯ ಪ್ಯಾಚ್‌ಗಳನ್ನು ಹಾಳೆಯಲ್ಲಿ ಒತ್ತದೆ, ಆಮ್ಲರಹಿತ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿಸಿ.

ಉಣ್ಣೆ, ಫೆಲ್ಟ್ ಇದ್ದರೆ ನುಸಿ ಬರುತ್ತದೆ. ಹೊಸದಾಗಿ ಬಂದ ಪ್ರತಿಯೊಂದನ್ನೂ ಮೊದಲು ಬೇರೆ ಇಡಿ. ಜಿಪ್ ಚೀಲದಲ್ಲಿ ಗಾಳಿ ಹೊರದೂಡಿ ಮುಚ್ಚಿ, ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ಗಾಳಿಯ ತೇವ ತಣ್ಣನೆ ಬಟ್ಟೆಯ ಮೇಲೆ ನೀರಾಗಿ ಕೂತು, ಆ ಕೆಂಪು ಬಣ್ಣ ಮತ್ತೆ ಹರಿಯುತ್ತದೆ. ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ. ಅದರ ಆವಿ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ, ವಾಸನೆ ಪರೀಕ್ಷೆಗೂ ಆಸ್ಪದ ಉಳಿಯುವುದಿಲ್ಲ. ಬೇವಿನೆಲೆಯನ್ನು ನೇರವಾಗಿ ಇಟ್ಟರೆ ಕಲೆ ಖಂಡಿತ.

ಗೋಡೆಗೆ ಹಾಕಲೇಬೇಕಿದ್ದರೆ ಹೊಳಪುಕಾರಕವಿಲ್ಲದ ಹತ್ತಿ ಬಟ್ಟೆಯ ಮೇಲೆ, ಪ್ಯಾಚ್‌ನಲ್ಲಿ ಮೊದಲೇ ಇರುವ ಸೂಜಿತೂತುಗಳ ಮೂಲಕವೇ ನಾಲ್ಕೈದು ಸಡಿಲ ಹೊಲಿಗೆ ಹಾಕಿ. ಅಂಟು, ಎರಡು ಬದಿಯ ಟೇಪ್, ಸ್ಟೇಪಲ್ ಯಾವುದೂ ಬೇಡ. ಗಾಜಿಗೂ ಪ್ಯಾಚ್‌ಗೂ ಕನಿಷ್ಠ 5 ಮಿಲಿಮೀಟರ್ ಅಂತರ ಇರಲಿ. ಮಳೆ ಹೊಡೆಯುವ ಹೊರಗೋಡೆಗೆ ತೂಗಬೇಡಿ. ಮೂರು ತಿಂಗಳಿಗೊಮ್ಮೆ ಬದಲಿಸುತ್ತ ಹೋದರೆ ಯಾವುದೂ ಪೂರ್ತಿ ಮಾಸುವುದಿಲ್ಲ.

ಹಂತ 8: ದಾಖಲೆ

ಪ್ರತಿ ಪ್ಯಾಚ್‌ಗೂ ಒಂದು ಸಂಖ್ಯೆ. ಸಂಖ್ಯೆಯನ್ನು ಪ್ಯಾಚ್‌ನ ಮೇಲೆ ಬರೆಯಬೇಡಿ, ಆಮ್ಲರಹಿತ ಕಾಗದದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಹಾಳೆಯ ಜೇಬಿನಲ್ಲಿ ಜೊತೆಗಿಡಿ. ಮುಖ-ಬೆನ್ನುಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಜರಿಯದ್ದಾದರೆ ಸ್ಕ್ಯಾನರ್ ಮುಚ್ಚಳ ಒತ್ತದೆ ಮೇಲೊಂದು ಕಪ್ಪು ಬಟ್ಟೆ ಹೊದಿಸಿ. ಪಟ್ಟಿಯಲ್ಲಿ ಬರೆಯಬೇಕಾದ್ದು: ಸಂಸ್ಥೆ, ಅಗಲ-ಎತ್ತರ ಮಿಲಿಮೀಟರ್‌ನಲ್ಲಿ, ಬಟ್ಟೆ, ಹೊಲಿಗೆಯ ಬಗೆ, ಅಂಚು, ನೇರಳಾತೀತ ಬೆಳಕಿನಲ್ಲಿ ಕಂಡದ್ದು, ಎಲ್ಲಿಂದ, ಯಾವಾಗ, ಎಷ್ಟಕ್ಕೆ.

ಕಾಲದ ಅಂಕಣದಲ್ಲಿ ಎರಡು ಮನೆ ಮಾಡಿ: ಮಾರುವವರು ಹೇಳಿದ್ದು ಒಂದರಲ್ಲಿ, ಪರೀಕ್ಷೆಯಿಂದ ನಿಮಗೆ ತೋರಿದ್ದು ಇನ್ನೊಂದರಲ್ಲಿ. ಎರಡೂ ಬೇರೆಯಾಗಿದ್ದರೆ ಹಾಗೇ ಬಿಡಿ, ಒಂದನ್ನು ಅಳಿಸಬೇಡಿ. ಸಂದೇಹದ ಪ್ಯಾಚ್‌ಗಳನ್ನು ಎಸೆಯದೆ ಬೇರೆಯೇ ಒಂದು ಹಾಳೆಯಲ್ಲಿ ಇಡಿ. ಅದರ ಜೋಡಿ ಇನ್ನೊಂದು, ಹೆಸರು-ತಾರೀಕು ಇರುವ ಕಾಗದದೊಂದಿಗೆ ಮುಂದೆಂದೋ ಸಿಕ್ಕಾಗ ತಾಳೆ ನೋಡಲು ಬೇಕಾಗುತ್ತದೆ.